ಐದು ಸೀರೆ ನೋಡದೆ ದರ ಹೇಳದ ವೆಬ್‌ಸೈಟು

ಕೆಲಸ ಇಲ್ಲದವರಿಗೆ ಇರುವಷ್ಟು ಕೆಲಸ ನೌಕರಿ ಇದ್ದವರಿಗೂ ಇರುವುದಿಲ್ಲ. ಪ್ರೋಗ್ರಾಮಿಂಗ್ ಕಲಿತು ನೌಕರಿ ಹುಡುಕುತ್ತಿದ್ದ ಆ ಒಂದು ವರ್ಷ ನಾನು ರಬಕವಿಯ ಮನೆಯಲ್ಲಿ ಕೂತು, ಯಾರೂ ಕೇಳದ ವೆಬ್‌ಸೈಟುಗಳನ್ನು ಕಟ್ಟುತ್ತಿದ್ದೆ. ಸಂದರ್ಶನಕ್ಕೆ ಹೋದಲ್ಲೆಲ್ಲ ‘ನೀವೇ ಮಾಡಿದ್ದು ಏನಾದರೂ ತೋರಿಸಿ’ ಎನ್ನುತ್ತಿದ್ದರು, ಅದಕ್ಕೆ. ಊರಿನ ಬಸ್ಸುಗಳ ವೇಳೆಗೊಂದು, ಅವ್ವನ ಅಡುಗೆಗೊಂದು. ಬಸ್ಸಿನ ಸೈಟು ನಮ್ಮೂರಿಂದ ಲೋಕಾಪುರಕ್ಕೆ ಹೋಗುವ ಬಸ್ಸಿನ ಹಾಗೆಯೇ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಅಡುಗೆಯ ಸೈಟಿನಲ್ಲಿ ಎಲ್ಲದಕ್ಕೂ ಉಪ್ಪು ‘ಬೇಕಾದಷ್ಟು’, ಯಾಕೆಂದರೆ ಅಳತೆ ಕೇಳಿದರೆ ಅವ್ವನಿಗೆ ಸಿಟ್ಟು. ಅಪ್ಪ ದೀಪಾವಳಿಯವರೆಗೆ ಗಡುವು ಕೊಟ್ಟಿದ್ದರು. ಅಷ್ಟರೊಳಗೆ ನೌಕರಿ ಸಿಗದಿದ್ದರೆ ಅವರ ತಮ್ಮ, ಅಂದರೆ ನಮ್ಮ ಕಾಕಾನ ಸೀರೆ ಅಂಗಡಿಯಲ್ಲಿ ಕೂಡಬೇಕು. ನಾನು ಮಡಚಿದ ಸೀರೆಯನ್ನು ಹೊಸದೆಂದು ಯಾರೂ ನಂಬುವುದಿಲ್ಲ.

ಕಡೆಗೆ ಕಾಕಾನ ಅಂಗಡಿಗೇ ಒಂದು ಸೈಟು ಮಾಡಿದೆ. ಪ್ರತಿ ಸೀರೆಯ ಚಿತ್ರದ ಕೆಳಗೆ ದರ ಹಾಕಿ ತೋರಿಸಿದೆ. ಕಾಕಾ ಕನ್ನಡಕ ಏರಿಸಿ ನೋಡಿದವರೇ ಹೌಹಾರಿದರು.

“ಯವ್ವಾ, ಇದೇನ ಮಾಡೀದಿ? ಗಿರಾಕಿ ಗಾದಿ ಮ್ಯಾಲ ಕುಂತಿಲ್ಲ, ಚಾ ಕುಡದಿಲ್ಲ, ಆಗಲೇ ದರಾ ಹೇಳಿಬಿಟ್ಟಿ?”

“ಆನ್‌ಲೈನ್‌ದಾಗ ಹಂಗ ಇರತೈತ್ರಿ ಕಾಕಾ.”

“ಐದು ಸೀರಿ ಬಿಚ್ಚಿ ಹಾಕೂತನಾ ದರಾ ಹೇಳಬಾರದು. ನಮ್ಮಪ್ಪ ಹೇಳಿಲ್ಲ, ನಾನೂ ಹೇಳಿಲ್ಲ. ನಿನ್ನ ಕಂಪ್ಯೂಟರ್ ಏನ ನಮಗಿಂತ ದೊಡ್ಡ ಸಾವಕಾರನ?”

ವಾದಿಸಿ ಸೋತೆ. ಚಹಾ ಕುಡಿಸುವುದನ್ನು ಹೇಗೋ ತಪ್ಪಿಸಿಕೊಂಡೆ, ಐದು ಸೀರೆಯ ನಿಯಮ ತಪ್ಪಲಿಲ್ಲ. ಒಬ್ಬರು ಎಷ್ಟು ಸೀರೆ ನೋಡಿದರೆಂದು ಲೆಕ್ಕವಿಟ್ಟು, ಐದನೆಯದು ತೆರೆದಾಗಷ್ಟೇ ದರ ಕಾಣುವಂತೆ ಕೋಡ್ ಬರೆಯಲು ಹದಿನೈದು ದಿನ ಹಿಡಿಯಿತು. ನನ್ನ ಉಳಿದ ಸೈಟುಗಳಲ್ಲಿ ಮುಕ್ಕಾಲು ಪಾಲು ಅಲ್ಲಿಂದಿಲ್ಲಿಂದ ಎತ್ತಿದ್ದು. ಈ ಹುಚ್ಚು ನಿಯಮಕ್ಕೆ ಎತ್ತಲು ಎಲ್ಲೂ ಏನೂ ಸಿಗದೆ ಸ್ವಂತ ಬರೆಯಬೇಕಾಯಿತು. ಬರೆಯುವಾಗ ಕಾಕಾನನ್ನು ಮನಸ್ಸಿನಲ್ಲೇ ಬೈದುಕೊಂಡಿದ್ದೇನೆ, ಸುಳ್ಳು ಯಾಕೆ ಹೇಳಲಿ.

ದೀಪಾವಳಿಗೆ ಎಂಟು ದಿನವಿರುವಾಗ ಜಮಖಂಡಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಿಂದ ಸಂದರ್ಶನಕ್ಕೆ ಕರೆ ಬಂತು. ಅಲ್ಲಿನ ಸಾಹೇಬರು ಸೀರೆಯ ಸೈಟು ತೆರೆದು, “ದರಾ ಎಲ್ಲೈತ್ರೀ?” ಎಂದರು. “ಇನ್ನೊಂದ ನೋಡ್ರಿ ಸರ್” ಎಂದೆ. ಎರಡಾಯಿತು, ಮೂರಾಯಿತು, ನಾಲ್ಕಾಯಿತು. ಐದನೆಯದಕ್ಕೆ ದರ ಕಂಡಾಗ ಅವರು ಕುರ್ಚಿಗೆ ಒರಗಿ ನಗತೊಡಗಿದರು.

“ನಮ್ಮವ್ವನ ಜೋಡಿ ಸೀರಿ ಅಂಗಡಿಗೆ ಹೋದಾಗೂ ಹಿಂಗ ಆಗತಿತ್ತು. ಇದನ್ನ ಹೆಂಗ ಬರದ್ರಿ, ಹೇಳ್ರಿ.”

ನಾನೇ ಬರೆದದ್ದು ಅದೊಂದೇ ಆದ್ದರಿಂದ ಅರ್ಧ ತಾಸು ತಡವರಿಸದೆ ಹೇಳಿದೆ. ಬಸ್ಸಿನ ಸೈಟಿನ ಬಗ್ಗೆ ಕೇಳಿದ್ದರೆ ನನ್ನ ಕಥೆ ಮುಗಿಯುತ್ತಿತ್ತು. ಕೊನೆಗೆ ಪಗಾರ ಎಷ್ಟು ಬೇಕೆಂದು ಕೇಳಿದರು. ಕನ್ನಡಿಯ ಮುಂದೆ ನಿಂತು ತಯಾರಿ ಮಾಡಿಕೊಂಡೇ ಹೋಗಿದ್ದೆ. ಆದರೆ ಬಾಯಿಗೆ ಬಂದದ್ದು, “ಮೊದಲು ಕೆಲಸಾ ನೋಡ್ರಿ ಸರ್, ದರದ ಮಾತು ಆಮ್ಯಾಲ.” ಅವರು ನಕ್ಕು ತಾವೇ ಒಂದು ಅಂಕಿ ಬರೆದುಕೊಟ್ಟರು. ನಾನು ಒಪ್ಪಿ ಬಂದೆ.

ಪೇಢಾ ಹಿಡಿದು ಸೀದಾ ಅಂಗಡಿಗೆ ಹೋಗಿ ಕಾಕಾನ ಕಾಲಿಗೆ ಬಿದ್ದೆ. ಈ ನೌಕರಿ ಅವರು ಕೊಟ್ಟದ್ದು, ಅವತ್ತೂ ಹಾಗೆ ಹೇಳಿದೆ, ಇವತ್ತೂ ಹೇಳುತ್ತೇನೆ. ಅವರು ಕಣ್ಣೊರೆಸಿಕೊಂಡು ಪೇಢಾ ಬಾಯಿಗೆ ಹಾಕಿ ಕಥೆ ಪೂರ್ತಿ ಕೇಳಿದರು. ಪಗಾರದ ಮಾತು ಬಂದಾಗ ಅಗಿಯುವುದು ನಿಂತಿತು.

“ಹುಚ್ಚಿ, ಐದು ಸೀರಿ ತೋರಿಸಿದ ಮ್ಯಾಲ ದರಾ ನಾವ ಹೇಳಬೇಕು. ಗಿರಾಕಿ ಕಡಿಂದ ಹೇಳಸ್ತಾರೇನ?” ಎಂದು ತಲೆ ಚಚ್ಚಿಕೊಂಡರು. ಆಮೇಲೆ ನನ್ನ ತಲೆಯ ಮೇಲೆ ಕೈಯಿಟ್ಟು ಹೇಳಿದರು: “ಇರಲಿ, ನೌಕರಿ ಸಿಕ್ಕಿದ್ದು ಛಲೋ ಆತು. ನೀ ಇಲ್ಲಿ ಕುಂತಿದ್ದರ ನಾ ಅಂಗಡಿ ಬಾಗಲಾ ಹಾಕಬೇಕಾಗತಿತ್ತು.”