ಅರ್ಧಕ್ಕೆ ಅರ್ಧ ಸೇರಿಸಿ ನೋಡಿದ ಫುಜಿ

ಲೆಕ್ಕ ಬಲ್ಲವರ ಮನೆಯಲ್ಲೇ ಲೆಕ್ಕ ತಪ್ಪುವುದು ಜಾಸ್ತಿ. ಫುನಾಬೊರಿಯ ನಮ್ಮ ಫ್ಲ್ಯಾಟಿನಲ್ಲಂತೂ ಇದು ನಡೆಯುತ್ತಲೇ ಇರುತ್ತದೆ. ಯಂತ್ರಗಳು ಕೈಕೊಡುವ ಸಂಭವ ಎಷ್ಟೆಂದು ಹೇಳುವುದು ಆಫೀಸಿನಲ್ಲಿ ನನ್ನ ಕೆಲಸ. ಮೈಸೂರಿನಿಂದ ಅಕ್ಕ ಬಂದಿದ್ದಾಗ, ಕ್ಯೋಟೋಗೆ ಹೋಗಿಬಂದ ಒಂದೇ ದಿನದಲ್ಲಿ ಆ ವಿದ್ಯೆಯನ್ನೆಲ್ಲ ಖರ್ಚು ಮಾಡಿದೆ. ಬುಲೆಟ್ ರೈಲಿನ ಕಿಟಕಿಯಿಂದ ಫುಜಿ ಪರ್ವತ ನೋಡಬೇಕು ಅನ್ನುವುದೊಂದೇ ಅವಳ ಆಸೆಯಾಗಿತ್ತು.

ಎರಡು ಅಲಾರಂ

ಬೆಳಗಿನ ರೈಲಿಗೆ ಏಳಬೇಕಿತ್ತು. ನನ್ನ ಫೋನು, ಯಜಮಾನರ ಫೋನು, ಎರಡರಲ್ಲೂ ಅಲಾರಂ ಇಟ್ಟೆವು. ಒಂದು ಕೈಕೊಡುವುದೇ ಅಪರೂಪ. ಎರಡೂ ಒಟ್ಟಿಗೆ ಕೈಕೊಡುವ ಸಂಭವ ಬೇಕೆಂದರೆ ಗುಣಿಸಬೇಕು, ಗುಣಿಸಿದರೆ ಅದು ಇಲ್ಲವೇ ಇಲ್ಲ ಅನ್ನುವಷ್ಟು ಚಿಕ್ಕದು ಎಂದು ಅಕ್ಕನಿಗೆ ಧೈರ್ಯ ಹೇಳಿ ಮಲಗಿದೆ. ಎದ್ದಾಗ ಬಿಸಿಲು ಬಂದಿತ್ತು. ಎರಡು ಫೋನೂ ಚಾರ್ಜಿಲ್ಲದೆ ಸತ್ತಿದ್ದವು. ಕರೆಂಟು ದಂಡ ಎಂದು ಅಕ್ಕ ರಾತ್ರಿ ಎಕ್ಸ್‌ಟೆನ್ಷನ್ ಬೋರ್ಡಿನ ಸ್ವಿಚ್ ಆರಿಸಿದ್ದಳಂತೆ.

"ಎರಡನ್ನೂ ಯಾಕೆ ಆರಿಸಿದೆ?" ಅಂದೆ.

"ನಾನು ಆರಿಸಿದ್ದು ಒಂದೇ ಕಣೇ. ಎರಡನ್ನೂ ನೀವು ಅದಕ್ಕೇ ಚುಚ್ಚಿದ್ರಿ."

ಅನ್ನದ ಉಂಡೆ

ಮುಂದಿನ ರೈಲಿಗೆ ಕಾಯುವಾಗ ಹಸಿವಾಯಿತು. ಸ್ಟೇಷನ್ನಿನ ಕೊಂಬಿನಿಯಲ್ಲಿ, ಅಂದರೆ ಪುಟ್ಟ ಅಂಗಡಿಯಲ್ಲಿ, ಅನ್ನದ ಉಂಡೆಗಳನ್ನು ಜೋಡಿಸಿದ್ದರು. ಅಕ್ಕ ಮೊಟ್ಟೆಯನ್ನೂ ಮುಟ್ಟುವವಳಲ್ಲ. ಅರ್ಧದಷ್ಟರಲ್ಲಿ ಮೀನು, ಅರ್ಧದಷ್ಟರಲ್ಲಿ ಮೊಟ್ಟೆ, ಇನ್ನು ಉಳಿಯೋದೇನು, ಬಾಳೆಹಣ್ಣು ತಗೊಳ್ಳೋಣ ಎಂದರು ಯಜಮಾನರು. ಹಾಗೆ ಸುಮ್ಮನೆ ಕೂಡಬಾರದು, ಕೆಲವು ಉಂಡೆಗಳಲ್ಲಿ ಎರಡೂ ಇರಬಹುದು, ಅಷ್ಟನ್ನು ಕಳೆದರೆ ಎರಡೂ ಇಲ್ಲದವು ಕೆಲವಾದರೂ ಉಳಿಯುತ್ತವೆ ಎಂದು ನಾನು ಒಂದನ್ನು ಆರಿಸಿ ಕೊಟ್ಟೆ. ಅಕ್ಕ ಅದನ್ನು ಮುರಿದು, ಒಳಗೆ ನೋಡಿ, ನನ್ನ ಕೈಗೇ ವಾಪಸ್ ಇಟ್ಟಳು.

"ನಿನ್ನ ಲೆಕ್ಕ ಸರಿ. ಇದರಲ್ಲಿ ಎರಡೂ ಇದೆ."

ಪಾಪ, ಕ್ಯೋಟೋವರೆಗೂ ಬಾಳೆಹಣ್ಣಿನಲ್ಲೇ ಬಂದಳು.

ಮುಕ್ಕಾಲು

ಹೋಗುವಾಗ ಫುಜಿ ಇರಬೇಕಾದ ಜಾಗದಲ್ಲಿ ಬರೀ ಮೋಡ. ಸಂಜೆ ವಾಪಸ್ ಬರುವಾಗ ಅಕ್ಕ ಕಿಟಕಿ ಪಕ್ಕದಲ್ಲೇ ಕೂತಳು. ಹೋಗುವಾಗ ಕಾಣೋದು ಅರ್ಧ, ಬರುವಾಗ ಅರ್ಧ ಅಂತ ನೀನೇ ಹೇಳಿದ್ದೆ, ಎರಡೂ ಸೇರಿದರೆ ಪೂರ್ತಿ, ಈಗ ಕಂಡೇ ಕಾಣುತ್ತೆ ಎಂದಳು. ಸುಮ್ಮನೆ ಹೂಂ ಅಂದಿದ್ದರೆ ಆಗುತ್ತಿತ್ತು. ನಾನು ಲೆಕ್ಕ ಬರೆದು ತೋರಿಸಲು ಕಾಗದದ ಕರವಸ್ತ್ರ ತೆಗೆದು, ಈ ಕಡೆ ತಿರುಗು ಅಂದೆ. ಎರಡು ಸಲವೂ ಕಾಣದೇ ಇರುವ ಸಂಭವ ಅರ್ಧದಲ್ಲಿ ಅರ್ಧ, ಅಂದರೆ ಕಾಲು. ಒಂದು ಸಲವಾದರೂ ಕಾಣುವ ಸಂಭವ ಮುಕ್ಕಾಲು; ಪೂರ್ತಿ ಯಾವತ್ತೂ ಅಲ್ಲ. ಅದೂ ಹೊರಡುವ ಮುಂಚಿನ ಲೆಕ್ಕ; ಹೋಗುವಾಗ ಕಾಣದ ಮೇಲೆ ಈಗ ಉಳಿದದ್ದು ಅರ್ಧವೇ. ಅಕ್ಕ ಪಾಠ ಕೇಳುವ ಹುಡುಗಿಯ ಹಾಗೆ ತಲೆ ಬಗ್ಗಿಸಿ ನೋಡುತ್ತಿದ್ದಳು.

ಆಚೆ ಸೀಟಿನ ಅಜ್ಜಿಯೊಬ್ಬರು ಬಹಳ ಸಂಕೋಚದಿಂದ, "ಸುಮಿಮಾಸೆನ್... ಫುಜಿ-ಸಾನ್," ಅಂದರು. ಅದು ಅವರ ಹೆಸರು ಎಂದುಕೊಂಡು ಅಕ್ಕ ಎದ್ದುನಿಂತು ನಮಸ್ಕಾರ ಮಾಡಿದಳು. ಕ್ಷಮಿಸಿ, ಅಗೋ ಫುಜಿ ಪರ್ವತ ಎಂದು ಅವರು ಹೇಳುತ್ತಿದ್ದುದು ನನಗೆ ಅರ್ಥವಾಗಿ ಅವಳನ್ನು ಕಿಟಕಿಯತ್ತ ತಿರುಗಿಸುವಷ್ಟರಲ್ಲಿ ರೈಲು ಸುರಂಗಕ್ಕೆ ನುಗ್ಗಿತು.

ಆ ವಾರವೇ ಅಕ್ಕ ಊರಿಗೆ ಹೋದಳು. ಈಗ ಮಂಡಿನೋವು, ಮತ್ತೆ ಬರುವ ಮಾತಿಲ್ಲ. ಮೊನ್ನೆ ವಿಡಿಯೋ ಕಾಲ್‌ನಲ್ಲಿದ್ದಾಗ, ಪಕ್ಕದ ಮನೆಯಾಕೆ ಬಂದು ಫುಜಿ ನೋಡಿದ್ರಾ ಎಂದು ಅವಳನ್ನು ಕೇಳುವುದು ನನಗೂ ಕೇಳಿಸಿತು. ಅಕ್ಕ ನನ್ನನ್ನು ಬಿಟ್ಟುಕೊಡಲಿಲ್ಲ.

"ಮುಕ್ಕಾಲು ನೋಡಿದೀನಿ," ಅಂದಳು.