ವಿಭೂತಿ ಹಚ್ಚಿದ ಪ್ರಿಂಟರು

ಬಾಯಿಯೊಂದು ಸುಮ್ಮನಿದ್ದಿದ್ದರೆ ಪ್ರಭುಸ್ವಾಮಿ ಮೇಷ್ಟ್ರ ಆ ಗುರುವಾರವೂ ಮಿಕ್ಕ ಗುರುವಾರಗಳ ಹಾಗೇ ಕಳೆದುಹೋಗುತ್ತಿತ್ತು.

ಗೆಟ್ಟವಾಡಿಯ ಕನ್ನಡ ಶಾಲೆಯಲ್ಲಿ ಅವರು ವಿಜ್ಞಾನ ಪಾಠ ಮಾಡುವವರು. ಮರುದಿನ ಏಳನೇ ಕ್ಲಾಸಿಗೆ ಅವರದೇ ಪರೀಕ್ಷೆ. ಬೆಳಗ್ಗೆ ಹೆಡ್‌ಮಿಸ್ಟ್ರೆಸ್ ಮಂಗಳಗೌರಿ ಟೀಚರ್ ಬಂದವರೇ, "ಪ್ರಶ್ನೆಪತ್ರಿಕೆ ಕಾಪಿ ತಗಸ್ಬೇಕು. ಆದ್ರ ಆ ನಟರಾಜನ್ ಅಂಗ್ಡಿ ಮಾತ್ರ ಬ್ಯಾಡ" ಎಂದರು. ಹೋದ ಸಲ ಬಸ್‌ಸ್ಟಾಪಿನ ನಟರಾಜನ ಜೆರಾಕ್ಸ್ ಅಂಗಡಿಯಿಂದಲೇ ಪತ್ರಿಕೆ ಸೋರಿತ್ತು. ತಮ್ಮ ಹೆಸರು ಬರೆಯಲು ತಿಣುಕುವ ಮಕ್ಕಳೂ ದ್ಯುತಿಸಂಶ್ಲೇಷಣೆಯನ್ನು ತಪ್ಪಿಲ್ಲದೆ ಬರೆದದ್ದಕ್ಕೆ, ತಪಾಸಣೆಗೆ ಬಂದ ಸಾಹೇಬರಿಂದ ಟೀಚರ್ ಬೈಸಿಕೊಂಡಿದ್ದರು.

"ಅಂಗ್ಡಿ ಯಾಕ್ ಟೀಚರ್?" ಎಂದರು ಪ್ರಭುಸ್ವಾಮಿ. "ಆಫೀಸ್ ರೂಮಲ್ಲೇ ಲೇಸರ್ ಪ್ರಿಂಟ್ರು ಅದ. ಒಸ ಲ್ಯಾಪ್‌ಟಾಪೂ ಬಂದದ. ಎರಡ್ಕೂ ಒಂದ್ ವೈರ್ ಸಿಕ್ಸುದ್ರ ಆಯ್ತು."

"ಸೋರುದ್ರ?"

"ನನ್ ಕೈಯಿಂದ ಒಂದ್ ಅಕ್ಸರ ಆಚಗ್ ಓದ್ರೂ, ಈ ವರ್ಸ ಪೂರ್ತಿ ಮೊಟ್ಟೆ ಕೆಲ್ಸ ನಂದು."

ಸ್ಟಾಫ್ ರೂಮಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಮಧ್ಯಾಹ್ನದ ಊಟದ ಮೊಟ್ಟೆ ಇಳಿಸಿಕೊಂಡು, ಒಡೆದದ್ದಕ್ಕೆ ಉತ್ತರ ಹೇಳಿ, 'ಸಾರ್, ನಂದು ಚಿಕ್ದು' ಎಂದು ಮುಖ ಊದಿಸಿಕೊಂಡವರನ್ನೆಲ್ಲ ಸಮಾಧಾನ ಮಾಡುವ ಕೆಲಸ ಅದು. ಇದಕ್ಕಿಂತ ಆನೆಯೇ ವಾಸಿ ಎಂದು ಹಿಂದಿನ ಮೇಷ್ಟ್ರೊಬ್ಬರು ಜೀರಹಳ್ಳಿ ಕಾಡಿನ ಶಾಲೆಗೆ ವರ್ಗ ಕೇಳಿಕೊಂಡು ಹೋಗಿದ್ದರು.

ಪ್ರಿಂಟರು ಇದ್ದದ್ದೇನೋ ನಿಜ. ಜೊತೆಗಿದ್ದ ಹಳೇ ಕಂಪ್ಯೂಟರು ಸತ್ತ ಮೇಲೆ ಅದಕ್ಕೆ ಉಳಿದದ್ದು ಎರಡೇ ಕೆಲಸ. ತಲೆಯ ಮೇಲೆ ಹಾಜರಿ ಪುಸ್ತಕ ಹೊರುವುದು, ಆಯುಧಪೂಜೆಗೆ ವಿಭೂತಿ ಬಳಿಸಿಕೊಳ್ಳುವುದು. ವಾಚ್‌ಮನ್ ಚನ್ನಯ್ಯ ಭಕ್ತಿವಂತ. ಹಳೆಯ ವಿಭೂತಿ ಒರೆಸುವುದು ಪಾಪವೆಂದು ಅದರ ಮೇಲೇ ವರ್ಷವರ್ಷವೂ ಹೊಸದನ್ನು ಹಚ್ಚುತ್ತಿದ್ದ.

ಮೇಷ್ಟ್ರು ವೈರು ತೆಗೆದು ನೋಡಿದರು. ಅದರ ತುದಿ ಚಪ್ಪಟೆ. ಹೊಸ ಲ್ಯಾಪ್‌ಟಾಪಿನಲ್ಲಿ ಇದ್ದದ್ದು ಅವರೆಕಾಳು ತೂರದಷ್ಟು ಸಣ್ಣ ತೂತು.

"ತಿರುಗ್ಸಿ ಆಕಿ ಸಾ" ಎಂದ ಚನ್ನಯ್ಯ. ತಿರುಗಿಸಿದ್ದಾಯಿತು. "ಒಸಿ ಅದುಮಿ ಸಾ" ಎಂದ. ವಿಜ್ಞಾನದ ಮೇಷ್ಟ್ರಾಗಿ ಅದುಮಬಾರದೆಂದು ಪ್ರಭುಸ್ವಾಮಿಗೆ ಗೊತ್ತಿತ್ತು. ಆದರೂ ಅದುಮಿದರು.

ಕೊನೆಗೆ ಟಿವಿ ರಿಪೇರಿ ರಾಜಶೇಖರ್‌ಗೆ ಹೇಳಿಕಳಿಸಿದರು. ಅವನು ಹೆಬ್ಬೆಟ್ಟಿನಷ್ಟು ದೊಡ್ಡ ಕನೆಕ್ಟರ್ ಒಂದನ್ನು ತಂದು ನಡುವೆ ಸಿಕ್ಕಿಸಿದ. "ಗಂಡು ಅಳೇದು, ಎಣ್ಣು ಒಸದು. ನಡುವ ಬ್ರೋಕರ್ ಇಲ್ದೆ ಮಾತುಕತೆ ಆಗಾಕಿಲ್ಲ ಸಾ" ಎಂದ.

ಬ್ರೋಕರ್ ಬಂದರೂ ಹೆಣ್ಣು ಒಪ್ಪಲಿಲ್ಲ. ಈ ಪ್ರಿಂಟರು ಯಾರೋ ನನಗೆ ಗೊತ್ತಿಲ್ಲ ಎಂದು ಲ್ಯಾಪ್‌ಟಾಪು ಮುಖ ತಿರುಗಿಸಿತು. ಪರಿಚಯ ಮಾಡಿಸುವ ಸಾಫ್ಟ್‌ವೇರನ್ನು ನೆಟ್‌ನಿಂದ ಇಳಿಸಬೇಕು, ನೆಟ್ ಸಿಗುವುದು ರಸ್ತೆಯಾಚೆ ಬೊಮ್ಮಮ್ಮನ ಬೋಂಡದಂಗಡಿಯ ಹುಣಸೆಮರದ ಕೆಳಗೆ ಮಾತ್ರ. ಮೇಷ್ಟ್ರು ಲ್ಯಾಪ್‌ಟಾಪಿಗೆ ಟವೆಲು ಹೊದಿಸಿ ಹಸುಗೂಸಿನ ಹಾಗೆ ಎತ್ತಿಕೊಂಡು ಹೋದರು.

ಗಡಿಯೂರಾದ್ದರಿಂದ ಮೊಬೈಲು ಒಂದು ಗಳಿಗೆ ತಮಿಳುನಾಡಿನ ಟವರ್ ಹಿಡಿಯುತ್ತಿತ್ತು, ಇನ್ನೊಂದು ಗಳಿಗೆ ಕರ್ನಾಟಕದ್ದು. ಅಂತೂ ಪರದೆಯ ಹಸಿರು ಪಟ್ಟಿ ತುಂಬುತ್ತ ಅರ್ಧ ಇಳಿಯಿತು. ಅಷ್ಟರಲ್ಲಿ ಬೊಮ್ಮಮ್ಮ ಜಾಲರಿ ಹಿಡಿದುಕೊಂಡೇ ಬಗ್ಗಿ, "ಅದ್ಯಾನ್ ಸಾ, ಅಸುರ್ ಗೀಟು ಬೆಳೀತಾ ಅದ?" ಎಂದಳು. ಪ್ರಶ್ನೆಪತ್ರಿಕೆ ಕಂಡೀತೆಂದು ಮೇಷ್ಟ್ರು ಫಟ್ಟನೆ ಮುಚ್ಚಳ ಮುಚ್ಚಿದರು. ಇಳಿಯುತ್ತಿದ್ದದ್ದು ನಿಂತಿತು. ಮೊದಲಿಂದ ಶುರು. ಆಮೇಲೆ ಚನ್ನಯ್ಯ ಬಗ್ಗಿದ, ಮತ್ತೆ ಫಟ್ಟ್. ರಾಜಶೇಖರ್ ಬಗ್ಗಿದ, ಮತ್ತೆ ಫಟ್ಟ್.

"ಬುಡಿ ಸಾ, ನಾವ್ಯಾರೂ ಏಳ್ನೇ ಕ್ಲಾಸ್ ಅಲ್ಲ" ಎಂದ ರಾಜಶೇಖರ್.

"ಗುಟ್ಟು ಅಂದ್ರ ಗುಟ್ಟು ಕಣಯ್ಯ" ಎಂದರು ಮೇಷ್ಟ್ರು. ಹಾಗೆ ಹೇಳುವಾಗ ತಮ್ಮ ಬಗ್ಗೆ ಅವರಿಗೇ ಗೌರವ ಬಂತು.

ಮಧ್ಯಾಹ್ನದ ಹೊತ್ತಿಗೆ ಪರಿಚಯವಾಯಿತು. ಪ್ರಿಂಟರು ಗೊರಗೊರ ಎಂದು ಎದ್ದಿತು. ನೋಡಲೆಂದು ಕೆಲಸಕ್ಕೆ ಬಾರದ್ದನ್ನು ಅಚ್ಚು ಹಾಕುವುದು ಯಾಕೆಂದು ಮೇಷ್ಟ್ರು ನೇರ ಪ್ರಶ್ನೆಪತ್ರಿಕೆಯನ್ನೇ ಕೊಟ್ಟರು. ಎರಡು ಹಾಳೆ ಬಂದವು. ಎರಡರಲ್ಲೂ ಮೇಲಿಂದ ಕೆಳಕ್ಕೆ ಮೂರು ಕರೀ ಗೀಟು.

"ಈಸ್ವರನ್ ಗುರುತು ಸಾ" ಎಂದು ಚನ್ನಯ್ಯ ಹಾಳೆಯನ್ನು ಅಡ್ಡಕ್ಕೆ ತಿರುಗಿಸಿಟ್ಟು ಕೈಮುಗಿದ.

ಮತ್ತೆ ಕೊಟ್ಟರು, ಮತ್ತೆ ಮೂರು ಗೀಟು. ರಾಜಶೇಖರ್ ಪಕ್ಕೆಗೆ ಗುದ್ದಿದ. ಗೀಟು ಇನ್ನೂ ದಪ್ಪವಾಯಿತು. ಕಾಗದ ಬದಲಾಯಿಸಿದರು, ಪ್ಲಗ್ಗು ಬದಲಾಯಿಸಿದರು, ಮೇಜು ಬದಲಾಯಿಸಿದರು. ಒಂದೊಂದಕ್ಕೂ ನಾಲ್ಕು ಹಾಳೆ ಕೆಡುತ್ತಿತ್ತು. ನೆಲದ ತುಂಬ ಕಾಗದ. ಟೀ ತಂದ ಬೊಮ್ಮಮ್ಮ ಕಾಲಿಡಲು ಜಾಗವಿಲ್ಲದೆ ಬಾಗಿಲಲ್ಲೇ ನಿಂತು, "ಈ ಗೀಟ್ ಬಿದ್ದಿರ ಕಾಗ್ದ ಏನ್ ಮಾಡೀರಿ ಸಾ?" ಎಂದಳು.

"ಕಸ ಕಣಮ್ಮ. ತಕ್ಕಂಡೋಗು" ಎಂದರು ಮೇಷ್ಟ್ರು, ಪ್ರಿಂಟರಿನ ಹೊಟ್ಟೆಯೊಳಕ್ಕೆ ಇಣುಕುತ್ತ. ಅವಳು ಸೆರಗಿನ ತುಂಬ ಬಾಚಿಕೊಂಡು ಹೋದಳು. ಓಡಾಡಲು ಜಾಗವಾಯಿತಲ್ಲ ಎಂದು ಮೇಷ್ಟ್ರಿಗೆ ಹಾಯೆನಿಸಿತು.

"ಪೂಜೆ ಸಾಲ್ದು" ಎಂದ ಚನ್ನಯ್ಯ. ಬೇಡ ಎನ್ನುವಷ್ಟರಲ್ಲಿ ತೆರೆದ ಮುಚ್ಚಳದೊಳಕ್ಕೆ ಚಿಟಿಕೆ ವಿಭೂತಿ ಎರಚಿದ. ಮುಂದಿನ ಹಾಳೆಯಲ್ಲಿ ನಾಲ್ಕು ಗೀಟು.

ಆಗ ಪ್ರಭುಸ್ವಾಮಿಗೆ ಜ್ಞಾನೋದಯವಾಯಿತು. ಇಷ್ಟು ವರ್ಷದ ಭಕ್ತಿಯೆಲ್ಲ ಒಳಗೆ ಉದುರಿ ಉರುಳೆಗೆ ಮೆತ್ತಿಕೊಂಡಿತ್ತು. ಪಂಚೆ ಬಟ್ಟೆಯಿಂದ ಒರೆಸಿ, ಊದಿ, ಸೀನಿ, ಮತ್ತೆ ಒರೆಸಿ ಪ್ರಿಂಟ್ ಕೊಟ್ಟರು. ಮಲ್ಲಿಗೆಯಂಥ ಎರಡು ಹಾಳೆ ಬಂದವು. ಒಂದು ಗೀಟಿಲ್ಲ. ಮೇಷ್ಟ್ರ ಕಣ್ಣಲ್ಲಿ ನೀರಾಡಿತು.

ಮೂರನೆಯದು ಬೆಳ್ಳಗೆ ಬಂತು. ನಾಲ್ಕನೆಯದೂ ಬೆಳ್ಳಗೆ. ಪ್ರಿಂಟರಿನಲ್ಲಿದ್ದ ಕರೀ ಶಾಯಿಪುಡಿಯೆಲ್ಲ ಗೀಟು ಎಳೆಯುವುದಕ್ಕೇ ಮುಗಿದಿತ್ತು.

ಹೊತ್ತು ಮುಳುಗುತ್ತಿತ್ತು. ಪುಡಿ ತರಲು ತಾಳವಾಡಿ ಪೇಟೆಗೆ ಹೋಗಿ ಬರೋಣವೆಂದರೆ ಬಸ್ಸಿಲ್ಲ. ಉಳಿದದ್ದು ನಟರಾಜನೊಬ್ಬನೇ. ಕಣ್ಣೆದುರೇ ಕಾಪಿ ತೆಗೆಸಿ, ಎಣಿಸಿಕೊಂಡು, ಹಾಳಾದದ್ದನ್ನೂ ತಂದುಬಿಟ್ಟರೆ ಹೇಗೆ ಸೋರುತ್ತದೆ? ಹೀಗೆ ತಮಗೆ ತಾವೇ ಸಮಾಧಾನ ಹೇಳಿಕೊಂಡು, ಎರಡು ಹಾಳೆಯನ್ನು ಅಂಗಿಯೊಳಗೆ ಹೊಟ್ಟೆಗೆ ಅಂಟಿಸಿಕೊಂಡು, ಯಾರಾದರೂ ಎದುರಾದರೆ ಹೊಟ್ಟೆನೋವೆಂಬಂತೆ ಕೈ ಇಟ್ಟುಕೊಂಡು ಮೇಷ್ಟ್ರು ನಡೆದರು.

ಅಂಗಡಿಯ ಮುಂದೆ ಜಾತ್ರೆಯಷ್ಟು ಜನ. ಅಪ್ಪಂದಿರು, ಅಮ್ಮಂದಿರು, ಒಬ್ಬಿಬ್ಬರು ಅಜ್ಜಿಯರು.

"ಲೈನಲ್ ಬನ್ನಿ ಸಾ" ಎಂದ ನಟರಾಜ, ತಲೆಯೆತ್ತದೆ.

ಮೇಷ್ಟ್ರು ಲೈನಲ್ಲಿ ನಿಂತರು. ಮುಂದಿದ್ದ ಪುಟ್ಟಬಸಮ್ಮನ ಕೈಯಲ್ಲಿ ಎಣ್ಣೆ ಕುಡಿದು ಪಾರದರ್ಶಕವಾಗಿದ್ದ ಒಂದು ಕಾಗದ. ಮೂಲೆಯಲ್ಲಿ ಚಟ್ನಿ. ಅದರ ಮೇಲೆ ಮೇಲಿಂದ ಕೆಳಕ್ಕೆ ಮೂರು ಗೀಟು.

"ಇದೆಲ್ಲಿತ್ತಮ್ಮ?" ಎಂದರು ಮೇಷ್ಟ್ರು.

"ಬೋಂಡ ಕಟ್ಟಿದ್ದು ಸಾ. ಏಳ್ನೇ ಕ್ಲಾಸ್ ಓದೋ ನಮ್ ಐದ ನೋಡ್ಬುಟ್ಟು, ಅವ್ವ ಇದು ನಾಳ ಪರೀಕ್ಸೆದು ಅಂದ. ನಂಗ ಎರಡ್ನೇ ಪುಟ ಸಿಕ್ಕಿರನಿಲ್ಲ. ಅದ್ಕೇ ಇನ್ನೊಂದ್ ಸಲ ಬೋಂಡ ಕಟ್ಟುಸ್ಕಂಡೆ. ಮೂರ್ನೇ ಪ್ರಶ್ನೆ ವಸಿ ಕಷ್ಟ ಅಂತಾರಲ್ಲ ಸಾ ಎಲ್ಲಾರೂ?"

ಮೇಷ್ಟ್ರು ಉತ್ತರಿಸುವ ಮೊದಲೇ ನಟರಾಜನ ಕಣ್ಣು ಅವರ ಅಂಗಿಯಿಂದ ಇಣುಕುತ್ತಿದ್ದ ಹಾಳೆಯ ಮೇಲೆ ಬಿತ್ತು. ಎಳೆದುಕೊಂಡು ನೋಡಿದ.

"ಅಯ್ಯ, ನಿಮ್ದು ಗೀಟಿಲ್ದೇ ಅದಲ್ಲ ಸಾ. ಮೊದ್ಲೇ ತಂದಿದ್ರ ನನ್ ಮಿಸಿನ್ ಗಾಜಿಗ ಇಷ್ಟ್ ಬೋಂಡದ್ ಎಣ್ಣ ಆಯ್ತಿರನಿಲ್ಲ. ಎಷ್ಟ್ ಕಾಪಿ?"

"ನಲವತ್ತು" ಎಂದಿತು ಮೇಷ್ಟ್ರ ಬಾಯಿ, ಅಭ್ಯಾಸಬಲದಿಂದ.

"ನಲವತ್ ಯಾಕ್ ಸಾ? ನಿಮ್ ಕ್ಲಾಸ್ ಐಕಳತ್ರ ಎಲ್ಲಾ ಆಗ್ಲೇ ಅದಲ್ಲ."

ಜೇಬಿನಲ್ಲಿ ಮೊಬೈಲು ಬಡಿದುಕೊಂಡಿತು. ಮಂಗಳಗೌರಿ ಟೀಚರ್.

"ಏನ್ ಪ್ರಭು ಸಾರ್, ಪ್ರಿಂಟ್ರು ಕೆಲ್ಸ ಮಾಡ್ತಾ?"

ಮೇಷ್ಟ್ರು ಲೈನನ್ನು ಒಮ್ಮೆ ತಲೆಯಿಂದ ಬಾಲದವರೆಗೆ ನೋಡಿದರು. ಅಷ್ಟು ಜನ ಒಟ್ಟಿಗೆ ವಿಜ್ಞಾನ ಓದುತ್ತಿದ್ದದ್ದನ್ನು ಅವರು ತಮ್ಮ ಜನ್ಮದಲ್ಲಿ ಕಂಡಿರಲಿಲ್ಲ.

"ಮಾಡ್ತು ಟೀಚರ್" ಎಂದರು. ಆಮೇಲೆ ತಾವೇ ಕೇಳಿದರು: "ಆ ಮೊಟ್ಟೆ ರೂಮಿನ್ ಬೀಗದ್ ಕೈ ಯಾರತ್ರ ಅದ?"