ಚಿಗುಸಾಳ ರೆಕಾರ್ಡಿಗೆ ಗೋಂದಿನ ಅಭ್ಯಂಜನ

"ಈ ಸಲ ಒಂದೇ ಒಂದು ಚಟಪಟ ಕೇಳಿಸಿದ್ರೆ ನನ್ನ ಹೆಸರು ತೊಕುಜಿನೇ ಅಲ್ಲ" ಎಂದು ಮುದುಕ ಮೇಜು ಗುದ್ದಿ ಘೋಷಿಸಿದಾಗ ಸಾರಿನ ಬಟ್ಟಲು ಮಾತ್ರ ಬೆಚ್ಚಿತು. ಹೆಂಡತಿ ಕಿನುಕೊ ಬೆಚ್ಚಲಿಲ್ಲ. ಉಪ್ಪುಮೂಲಂಗಿ ಕಟಕಟ ಅಗಿಯುತ್ತ, "ಹೆಸರು ಬದಲಾಯಿಸೋದಾದ್ರೆ ಮೊದಲೇ ಹೇಳಿ. ಬಾಗಿಲ ಬೋರ್ಡು ಬೇರೆ ಬರೆಸ್ಬೇಕು" ಎಂದಳು.

ಜಪಾನಿನ ಮಾಯೆಬಾಶಿ ಸೀಮೆಯಲ್ಲಿ ಹಳೆಯ ಮಾತೊಂದಿದೆ. ಇಲ್ಲಿ ಎರಡರ ಎದುರು ಗಂಡಸು ನಿಲ್ಲಲಾರ: ಒಂದು ಒಣಗಾಳಿ, ಇನ್ನೊಂದು ಹೆಂಡತಿಯ ದರ್ಬಾರು. ಚಳಿಗಾಲದಲ್ಲಿ ಅಕಾಗಿ ಬೆಟ್ಟದಿಂದ ಆ ಗಾಳಿ ಇಳಿಯಿತೆಂದರೆ ತುಟಿ ಬಿರಿಯುತ್ತದೆ, ಸ್ವೆಟರ್ ಬಿಚ್ಚಿದರೆ ಕಿಡಿ ಹಾರುತ್ತದೆ, ಬಾಗಿಲ ಹಿಡಿ ಮುಟ್ಟಿದರೆ ಚುರುಕ್ಕೆನ್ನುತ್ತದೆ. ಆ ಕಿಡಿಯ ಕರೆಂಟಿಗೆ ಗ್ರಾಮಫೋನ್ ರೆಕಾರ್ಡುಗಳಂತೂ ಊರ ಧೂಳನ್ನೆಲ್ಲ ಬಾ ಬಾ ಎಂದು ಕರೆದು ಮೈಗಂಟಿಸಿಕೊಳ್ಳುತ್ತವೆ. ಮುಳ್ಳು ಇಟ್ಟರೆ ಹಾಡಿಗಿಂತ ಒಗ್ಗರಣೆಯ ಸದ್ದೇ ಜೋರು.

ತೊಕುಜಿಯ ಹತ್ತಿರ ರೆಕಾರ್ಡುಗಳು ಬೇಕಾದಷ್ಟಿದ್ದವು, ಆದರೆ ಅವನ ಚಿಂತೆ ಒಂದರದ್ದೇ. ಮಗಳು ಚಿಗುಸಾ ಆರನೇ ಕ್ಲಾಸು ಮುಗಿಸಿದಾಗ ಶಾಲೆಯವರು ನೆನಪಿಗೆಂದು ಮಾಡಿಸಿಕೊಟ್ಟಿದ್ದು ಅದು. ಮಕ್ಕಳೆಲ್ಲ ಒಬ್ಬೊಬ್ಬರಾಗಿ ಒಂದೊಂದು ಮಾತು ಹೇಳಿ, ಕೊನೆಗೆ ಒಟ್ಟಿಗೆ ಹಾಡುತ್ತಾರೆ. "ದೊಡ್ಡವಳಾದ್ಮೇಲೆ ನಾನು ಬಸ್ಸು ಓಡಿಸ್ತೀನಿ" ಎನ್ನುವುದು ಚಿಗುಸಾಳ ಮಾತು. ಮರುವರ್ಷದ ಚಳಿಗಾಲದಲ್ಲಿ ಜ್ವರ ಬಂದು ಹುಡುಗಿ ಹೋಗಿಬಿಟ್ಟಳು. ಆ ಒಂದು ಮಾತು ಬಿಟ್ಟರೆ ಅವಳ ದನಿ ಈ ಲೋಕದಲ್ಲಿ ಇನ್ನೆಲ್ಲೂ ಉಳಿದಿಲ್ಲ. ಪ್ರತಿ ವರ್ಷ ಅವಳು ಹೋದ ದಿನ ತೀರಿಕೊಂಡವರಿಗೆಂದು ಇಟ್ಟ ದೇವರಗೂಡಿನ ಮುಂದೆ ಊದುಬತ್ತಿ ಹಚ್ಚಿ ಗಂಡ ಹೆಂಡತಿ ಅದನ್ನು ಕೇಳುತ್ತಾರೆ. ಹೋದ ವರ್ಷ 'ಬಸ್ಸು' ಚಟಪಟದಲ್ಲಿ ಮುಳುಗಿಯೇ ಹೋಯಿತು. ಅಂದಿನಿಂದ ತೊಕುಜಿಗೆ, ಇನ್ನೊಂದೆರಡು ವರ್ಷ ಹೀಗೇ ಬಿಟ್ಟರೆ ಮಗಳು ಪೂರ್ತಿ ಮುಳುಗಿಬಿಡುತ್ತಾಳೆ ಎಂಬ ಹೆದರಿಕೆ. ಹೆದರಿಕೆಯನ್ನು ಹೆಂಡತಿಯ ಮುಂದೆ ಹೇಳುವುದುಂಟೇ? ಅದಕ್ಕೇ ಮೇಜು ಗುದ್ದಿದ್ದು.

"ಜೀವಮಾನವೆಲ್ಲ ಕರೆಂಟು ಕಂಬ ಹತ್ತಿದವನು ನಾನು. ಈ ಚಿಲ್ಲರೆ ಕರೆಂಟು ಯಾವ ಲೆಕ್ಕ?" ಎಂದು ಮಹಾಯುದ್ಧಕ್ಕೆ ಹೊರಟ. ಜಾಣ! ಪ್ರಯೋಗವನ್ನೆಲ್ಲ ತನ್ನ ರೆಕಾರ್ಡುಗಳ ಮೇಲೆಯೇ ಮಾಡಿದ. ಮೊದಲು ಉಣ್ಣೆಯ ಮಫ್ಲರಿನಿಂದ ಉಜ್ಜಿದ. ಉಜ್ಜಿದಷ್ಟೂ ಕರೆಂಟು ಏರಿ, ದೇವರಗೂಡಿನ ಊದುಬತ್ತಿ ಬೂದಿಯೂ ಹಾರಿ ಬಂದು ರೆಕಾರ್ಡಿನ ಮೇಲೆ ಕೂತಿತು. ಸತ್ತ ಅತ್ತೆ ಮಾವನಿಗೆ ಇಟ್ಟಿದ್ದನ್ನೂ ಕಸಿದುಕೊಳ್ಳುತ್ತೀರಲ್ಲ ಎಂದು ಕಿನುಕೊ ಬೂದಿ ಗುಡಿಸಿದಳು.

ಒಣಗಾಳಿಗೆ ಮದ್ದು ತೇವ ಎಂದು ಆಮೇಲೆ ಹೊಳೆಯಿತು. ಮನೆಯಲ್ಲಿ ಮೊದಲ ಸ್ನಾನ ಯಜಮಾನನದ್ದು, ಅದು ತಲೆತಲಾಂತರದ ಪದ್ಧತಿ. ಆ ಹಕ್ಕನ್ನು ತೊಕುಜಿ ಉದಾರವಾಗಿ ರೆಕಾರ್ಡಿಗೆ ಬಿಟ್ಟುಕೊಟ್ಟು, ಬಿಸಿನೀರಿನ ತೊಟ್ಟಿಯ ಮೇಲೆ ಹಬೆಗೆ ಹಿಡಿದು ನಿಂತ. ಹಬೆ ಕುಡಿದ ರೆಕಾರ್ಡು ಕೈಜಾರಿ ನೀರಿಗೆ ಬಿತ್ತು, ನಡುವಿನ ಚೀಟಿ ಕಿತ್ತುಕೊಂಡು ತೇಲಿತು. ಕಿನುಕೊ ಬಾಗಿಲ ಆಚೆಯಿಂದ, ಅತಿಥಿಗಳ ಬೆನ್ನು ಉಜ್ಜಿಕೊಡಲೇ ಎಂದು ಕೇಳಿದಳು. ಅವಳು ನಗುತ್ತಿದ್ದಳೆಂದು ಮುದುಕನಿಗೆ ಒಳಗೊಳಗೇ ಖುಷಿ. ಮಗಳು ಹೋದ ಆ ತಿಂಗಳಲ್ಲಿ ಅವಳು ನಗುವುದೇ ಅಪರೂಪ.

ಕೊನೆಗೆ ಹಾಡು ಕೇಳುವ ಕೂಟದ ಗೆಳೆಯನೊಬ್ಬ ಬ್ರಹ್ಮಾಸ್ತ್ರ ಕೊಟ್ಟ. ಬಡಗಿಗಳು ಮರಕ್ಕೆ ಹಚ್ಚುವ ಬಿಳಿ ಗೋಂದನ್ನು ರೆಕಾರ್ಡಿನ ಮೇಲೆ ದಪ್ಪಗೆ ಬಳಿದು ಒಣಗಲು ಬಿಡಬೇಕು. ಒಣಗಿ ಗಾಜಿನಂತಾದ ಮೇಲೆ ಒಂದೇ ಹಾಳೆಯಾಗಿ ಸುಲಿದರೆ ಸಂದುಗೊಂದಿನ ಕೊಳೆಯೆಲ್ಲ ಅದರ ಜೊತೆ ಬರುತ್ತದೆ. ತೊಕುಜಿ ತನ್ನದೊಂದು ರೆಕಾರ್ಡಿಗೆ ಮಾಡಿ ನೋಡಿದ. ಹಾಲಿನಲ್ಲಿ ತೊಳೆದ ಹಾಗಿತ್ತು!

ಮಗಳ ದಿನದ ಮುನ್ನಾದಿನ ಕಿನುಕೊ ಹೂವಿಗೆಂದು ಪೇಟೆಗೆ ಹೋದಳು. ತೊಕುಜಿ ಚಿಗುಸಾಳ ರೆಕಾರ್ಡಿಗೆ ಗೋಂದು ಬಳಿದು ಅಟ್ಟದಲ್ಲಿ ಬಚ್ಚಿಟ್ಟ. ಬೆಳಿಗ್ಗೆ ಎದ್ದವನೇ ಉಸಿರು ಬಿಗಿಹಿಡಿದು ಸುಲಿದ. ಹಾಳೆ ಚಟಚಟ ಎನ್ನುತ್ತ ಬಂದು ಮೊದಲು ತೋಳಿಗೆ, ಅಲ್ಲಿಂದ ಬಿಡಿಸಿದರೆ ಎದೆಗೆ, ಎದೆಯಿಂದ ಬಿಡಿಸಿದರೆ ಗಲ್ಲಕ್ಕೆ ಅಂಟಿಕೊಂಡಿತು. ಹೇಗೋ ಕಿತ್ತು ಕಸದ ಚೀಲಕ್ಕೆ ತುರುಕಿದ. ಅಂದು ಸುಡುವ ಕಸ ಒಯ್ಯುವ ದಿನ. ಚೀಲವನ್ನು ಬೀದಿ ಮೂಲೆಗೆ ಇಟ್ಟೂ ಬಂದ. ಆಮೇಲೆ ಒದ್ದೆ ಬಟ್ಟೆಯಿಂದ ರೆಕಾರ್ಡು ಒರೆಸಿ ಉಳಿದ ಕರೆಂಟನ್ನೂ ಕೊಂದ.

ಊದುಬತ್ತಿ ಹಚ್ಚಿಯಾಯಿತು. ಮುಳ್ಳು ಇಳಿಯಿತು. ಒಂದು ಚಟ್ ಇಲ್ಲ, ಒಂದು ಪಟ್ ಇಲ್ಲ. ಪಕ್ಕದ ಕೋಣೆಯಿಂದ ಹೇಳಿದ ಹಾಗೆ ಚಿಗುಸಾ ಹೇಳಿದಳು: "ದೊಡ್ಡವಳಾದ್ಮೇಲೆ ನಾನು ಬಸ್ಸು ಓಡಿಸ್ತೀನಿ."

ಮುದುಕನ ಕಣ್ಣು ತುಂಬಿತು. ಹಾಡು ಮುಗಿಯುವವರೆಗೂ ತಡೆದುಕೊಂಡಿದ್ದು, ಶಹಬಾಸ್‌ಗಿರಿಗೆಂದು ಹೆಂಡತಿಯ ಕಡೆ ತಿರುಗಿದ. ಅವಳು ಆಗಲೇ ರೆಕಾರ್ಡನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದು ಅತ್ತಿತ್ತ ಓರೆ ಮಾಡುತ್ತಿದ್ದಳು. ಪ್ರತಿ ವರ್ಷವೂ ಹಾಗೆ ನೋಡುವವಳೇ. ಧೂಳು ನೋಡುತ್ತಾಳೆಂದು ಇವನ ಎಣಿಕೆ.

"ಇಲ್ಲಿದ್ದದ್ದು ಎಲ್ಲಿ?" ಎಂದಳು.

"ಏನೇ ಇತ್ತು?"

"ಅವಳ ಹೆಬ್ಬೆಟ್ಟಿನ ಗುರುತು. ಮನೆಗೆ ತಂದ ದಿನ ಕಿತ್ತಳೆ ತಿಂದ ಕೈಲೇ ಹಿಡಿದಿದ್ಲು. ಬೈದೆ. ಆಮೇಲೆ ಒರೆಸೋಣ ಅಂತ ಬಿಟ್ಟಿದ್ದೆ. ಆಮೇಲೆ ಒರೆಸೋಕೆ ಕೈ ಬರ್ಲಿಲ್ಲ ರೀ." ಅವಳ ದನಿ ಏರಲೇ ಇಲ್ಲ. "ಇಷ್ಟು ವರ್ಷ ಇತ್ತು."

ಬೈದಿದ್ದರೆ ತಡೆಯಬಹುದಿತ್ತು. ದರ್ಬಾರು ಮಾಡುವ ಹೆಂಡತಿ ದನಿ ಇಳಿಸಿದರೆ ಗಂಡಸು ಎಲ್ಲಿ ನಿಲ್ಲಬೇಕು? ತೊಕುಜಿ ಮನೆಚಪ್ಪಲಿಯಲ್ಲೇ ಓಡಿದ.

ಬೀದಿ ಮೂಲೆಯಲ್ಲಿ ಕಸದ ರಾಶಿಗೆ ಕಾಗೆಗಳು ಕೆದಕದಂತೆ ಬಲೆ ಹೊದಿಸಿ ನೆರೆಮನೆಯ ನೆಗಿಶಿಯಮ್ಮ ಕಾವಲು ನಿಂತಿದ್ದಳು. ಆ ವಾರ ಅವಳ ಸರದಿ. ಇಟ್ಟ ಚೀಲ ವಾಪಸು ತೆಗೆಯುವಂತಿಲ್ಲ, ಬಿಚ್ಚುವಂತಂತೂ ಇಲ್ಲವೇ ಇಲ್ಲ ಎಂದಳು. ಸುಡುವ ಕಸದಲ್ಲಿ ಪ್ಲಾಸ್ಟಿಕ್ಕು ಸೇರಿಸಿದ್ದೀರೋ ಎಂದು ಅನುಮಾನವನ್ನೂ ಪಟ್ಟಳು. ತೊಕುಜಿ ಬಲೆಯ ಅಂಚು ಹಿಡಿದು ನೆಲದಲ್ಲಿ ಕುಸಿದು ಕೂತ.

"ನನ್ನ ಮಗಳನ್ನ ಎಸೆದುಬಿಟ್ಟಿದೀನಮ್ಮ" ಎಂದ.

ನೆಗಿಶಿಯಮ್ಮ ಬಲೆ ಎತ್ತಿ ಹಿಡಿದು, ಅವನು ಹುಡುಕಿ ಮುಗಿಸುವವರೆಗೂ ಪೊರಕೆಯಿಂದ ಕಾಗೆಗಳನ್ನು ಓಡಿಸುತ್ತ ನಿಂತಳು.

ಮುದುರಿದ ಹಾಳೆ ಮನೆಗೆ ಬಂತು. ಕಿನುಕೊ ಅದನ್ನು ಕಿಟಕಿಯ ಬಳಿ ಬಿಡಿಸಿ, ಅಂಟಿದ ಧೂಳನ್ನು ಸ್ವೆಟರಿನ ತೋಳಿನಿಂದ ಮೆಲ್ಲಗೆ ಒರೆಸಿದಳು. ಅಂಚಿನ ಹತ್ತಿರ ತಿಳಿಹಳದಿಯ ಒಂದು ಗುರುತಿತ್ತು, ಪುಟ್ಟದು, ಗೆರೆಗೆರೆಯಾಗಿ. ಅವಳು ಅದರ ಮೇಲೆ ಕೈ ಆಡಿಸಿದ್ದೇ ತಡ, ಹಾಳೆ ಚಟಕ್ಕನೆ ಎದ್ದು ಅಂಗೈಗೆ ಅಂಟಿಕೊಂಡಿತು. ಕೊಡವಿದರೂ ಬೀಳಲಿಲ್ಲ.

"ತಡಿ, ಬಿಡಿಸ್ತೀನಿ" ಎಂದು ತೊಕುಜಿ ಗಡಿಬಿಡಿಯಲ್ಲಿ ಕೈ ಚಾಚಿದ. "ಕರೆಂಟು ಕಣೇ ಅದು. ಕೈ ಸ್ವಲ್ಪ ಒದ್ದೆ ಮಾಡ್ಕೊಂಡ್ರೆ ಹೋಗುತ್ತೆ."

"ಬಿಡಿಸ್ಬೇಡಿ" ಎಂದಳು ಕಿನುಕೊ. "ಹಿಡ್ಕೊಂಡಿದಾಳೆ."